ಮಗ್ಗ ನಿಂತಾಗ ಕಲಿತ ನಂಬಿಕೆ

ನಾನು ದೊಡ್ಡಬಳ್ಳಾಪುರದವಳು, ನಮ್ಮದು ವಿದ್ಯುತ್ ಮಗ್ಗದ ಮನೆ. ದೇವರನ್ನು ನಂಬು ಎಂಬ ಮಾತನ್ನು ಚಿಕ್ಕಂದಿನಿಂದ ಸಂಡೇ ಸ್ಕೂಲಿನಲ್ಲಿ ಕೇಳಿಕೊಂಡೇ ಬೆಳೆದವಳು. ಆದರೆ ಸಾಲದವರು ಬಾಗಿಲಲ್ಲಿ ಕೂತಿರುವಾಗ, ಒಳಗೆ ಅಕ್ಕಿ ಡಬ್ಬ ತಳ ಕಂಡಿರುವಾಗ ನಂಬುವುದು ಅಂದರೆ ಏನು ಮಾಡುವುದು? ಬೆಳಿಗ್ಗೆ ಎದ್ದು ಎಲ್ಲಿಂದ ಶುರು ಮಾಡುವುದು? ಇದನ್ನು ನನಗೆ ಕಲಿಸಿದ್ದು ಸತ್ಯವೇದದ ಎರಡು ಪುಸ್ತಕಗಳು, ಜ್ಞಾನೋಕ್ತಿಗಳು ಮತ್ತು ಯೋಬನು. ಆ ಸಾಕ್ಷಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಿಗೆ ಬಂದವರಿಗೆ ಗೊತ್ತು, ನೇಕಾರರ ಬೀದಿಗಳಲ್ಲಿ ನಡೆದರೆ ಮನೆಮನೆಯಿಂದ ಮಗ್ಗದ ಸದ್ದು ಕೇಳುತ್ತದೆ. ಮುಂದಿನ ಹಜಾರದಲ್ಲಿ ಮಗ್ಗ, ಹಿಂದೆ ಸಂಸಾರ. ನಮಗೆ ಆಗ ನಾಲ್ಕು ಮಗ್ಗ ಇದ್ದವು. ಸ್ವಂತ ಬಂಡವಾಳದ ನೇಯ್ಗೆಯಲ್ಲ, ಕೂಲಿ ನೇಯ್ಗೆ. ಸಾಹುಕಾರರು ರೇಷ್ಮೆ ನೂಲು, ಜರಿ ಕೊಡುತ್ತಾರೆ, ನಾವು ಸೀರೆ ನೇಯ್ದು ಕೊಡುತ್ತೇವೆ, ಸೀರೆಗಿಷ್ಟು ಎಂದು ಕೂಲಿ. ನೂಲು ಕೊಡುವಾಗ ತೂಕ, ಸೀರೆ ವಾಪಸ್ ತೆಗೆದುಕೊಳ್ಳುವಾಗಲೂ ತೂಕ. ಸೀರೆಗಳು ಬೆಂಗಳೂರಿನ ಚಿಕ್ಕಪೇಟೆಗೆ ಹೋಗುತ್ತವೆ. ಮಾವನವರು, ನಮ್ಮ ಮನೆಯವರು, ನಾನು, ಇಬ್ಬರು ಮಕ್ಕಳು, ಎಲ್ಲರ ಊಟವೂ ಆ ಲಾಳಿಯ ಓಡಾಟದ ಮೇಲೆಯೇ ನಿಂತಿತ್ತು. ಎರಡು ಮಗ್ಗಕ್ಕೆ ಬ್ಯಾಂಕ್ ಸಾಲ, ಮಗಳ ಫೀಸು ಮತ್ತು ಜೆಕಾರ್ಡ್ ರಿಪೇರಿಗೆ ಹೆಂಗಸರ ಗುಂಪಿನ ಮೂಲಕ ಒಂದು ಫೈನಾನ್ಸಿನ ಸಾಲ. ದುಡಿಮೆ ನಡೆಯುತ್ತಿದ್ದರೆ ತೀರಿಸಬಹುದಾದ, ಲೆಕ್ಕ ಹಾಕಿಯೇ ತೆಗೆದುಕೊಂಡ ಸಾಲ.

2020ರ ಮಾರ್ಚ್ 25ರಿಂದ ಕೊರೊನಾ ಲಾಕ್‌ಡೌನ್. ಮುಂದೆ ಮದುವೆ ಕಾಲ, ವರ್ಷದಲ್ಲಿ ನಾಲ್ಕು ಕಾಸು ಕೈಯಲ್ಲಿ ನಿಲ್ಲುವ ತಿಂಗಳುಗಳು ಅವೇ. ಚಿಕ್ಕಪೇಟೆ ಮುಚ್ಚಿತು, ಸಾಹುಕಾರರು ಫೋನ್ ಮಾಡಿ "ಇದ್ದಲ್ಲೇ ನಿಲ್ಲಿಸಿಬಿಡಿ" ಅಂದರು. ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಉಳಿಯಿತು. ಇಲಿ ಹಾಸು ಕಡಿಯದಿರಲಿ ಎಂದು ಹಳೆಯ ಸೀರೆಗಳನ್ನು ಹೊದಿಸಿ, ರಾತ್ರಿ ಸರದಿಯ ಮೇಲೆ ಎದ್ದು ನೋಡುತ್ತಿದ್ದೆವು. ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿ ಅಭ್ಯಾಸವಾದ ಮಕ್ಕಳಿಗೆ ಸದ್ದಿಲ್ಲದ ಮನೆಯಲ್ಲಿ ನಿದ್ದೆ ಹತ್ತುತ್ತಿರಲಿಲ್ಲ.

ದೇವಾಲಯವೂ ಮುಚ್ಚಿತ್ತು. ಜೂನ್ 8ರವರೆಗೆ ಭಾನುವಾರದ ಆರಾಧನೆ ಇಲ್ಲ. ನಮ್ಮ ಸಭೆಯ ಅಯ್ಯನವರು ಫೋನಿನಲ್ಲಿ ನಾಲ್ಕಾರು ಮನೆಗಳನ್ನು ಸೇರಿಸಿ ಪ್ರಾರ್ಥನೆ ಮಾಡುತ್ತಿದ್ದರು. ಮನೆಯೊಳಗೆ ಮಾವನವರೇ ನಮಗೆ ಸಭಾಪಾಲಕರಾದರು. ಜ್ಞಾನೋಕ್ತಿಗಳಲ್ಲಿ 31 ಅಧ್ಯಾಯ ಇವೆ, ತಾರೀಖಿಗೆ ಒಂದರಂತೆ ಓದೋಣ ಎಂದರು. ಒಂದನೇ ತಾರೀಖು ಒಂದನೇ ಅಧ್ಯಾಯ, ಹನ್ನೊಂದಕ್ಕೆ ಹನ್ನೊಂದು. "ಬಳ್ಳಾರಿಯ ಜಾನ್ ಹ್ಯಾಂಡ್ಸ್ ಪಾದ್ರಿಗಳು 1831ರಲ್ಲೇ ಪೂರ್ತಿ ಸತ್ಯವೇದವನ್ನ ಕನ್ನಡದಲ್ಲಿ ಕೊಟ್ಟು ಹೋದರಮ್ಮ. ಇಷ್ಟು ವರ್ಷದಿಂದ ನಮ್ಮ ಭಾಷೆಯಲ್ಲೇ ಇದ್ದರೂ ಬೀರುವಲ್ಲಿ ಇಟ್ಟುಕೊಂಡಿದ್ರೆ ಏನು ಬಂತು?" ಎನ್ನುತ್ತಿದ್ದರು. ಮಗಳು ಓದುತ್ತಿದ್ದಳು, ಅವರು ಅರ್ಥ ಹೇಳುತ್ತಿದ್ದರು.

ಒಂದು ಸಂಜೆ ಕತ್ತಲಾಗುವ ಹೊತ್ತಿಗೆ ಒಬ್ಬ ಸ್ಕೂಟರಿನಲ್ಲಿ ಬಂದ. ಪರಿಚಯದವನೇ. ಹಜಾರದ ಮೂಲೆಯಲ್ಲಿ ಸಾಹುಕಾರರು ಕೊಟ್ಟಿದ್ದ ನೂಲಿನ ಚೀಲಗಳಿದ್ದವು. ಅವನು ಒಂದು ಕೋನ್ ಕೈಗೆತ್ತಿಕೊಂಡು, ಎಳೆಯನ್ನು ಬೆರಳಿಗೆ ಸುತ್ತಿ ಎಳೆದು ನೋಡಿ, "ಅಕ್ಕಾ, ಅರ್ಧ ಕೊಡಿ, ಈಗಲೇ ಕ್ಯಾಶ್ ಕೊಡ್ತೀನಿ. ಕೇಳಿದ್ರೆ ಇಲಿ ಕಡೀತು, ವೇಸ್ಟ್ ಹೋಯ್ತು ಅನ್ನಿ. ಈ ಗಲಾಟೆಯಲ್ಲಿ ಯಾರು ತೂಕ ಕೇಳ್ತಾರೆ?" ಎಂದ. ನಮ್ಮ ಮನೆಯವರು ನನ್ನ ಮುಖ ನೋಡಿದರು. ಮನೆಯಲ್ಲಿ ಹಾಲಿಗೂ ದುಡ್ಡಿರಲಿಲ್ಲ. ಒಳಗಿನಿಂದ ಮಾವನವರು ಬಂದು, "ಅದು ನಮ್ಮದಲ್ಲ ಕಣಪ್ಪ, ಕೆಳಗಿಡು" ಅಂದರು, ಅಷ್ಟೇ. ಅವನು ಹೋದ ಮೇಲೆ ಹನ್ನೊಂದನೆಯ ಅಧ್ಯಾಯವನ್ನು ತಾರೀಖು ನೋಡದೆ ಓದಿಸಿದರು. ಕಳ್ಳ ತಕ್ಕಡಿಯನ್ನು ದೇವರು ಹೇಸುತ್ತಾನೆ ಎಂಬಲ್ಲಿಂದಲೇ ಆ ಅಧ್ಯಾಯ ಶುರುವಾಗುತ್ತದೆ. ನಮಗೆ ತಕ್ಕಡಿ ದಿನಬೆಳಗಾದರೆ ನೋಡುವ ವಸ್ತು. ಆ ರಾತ್ರಿ ದೇವರು ನಮ್ಮ ಮನೆಯ ಹಜಾರದ ಬಗ್ಗೆಯೇ ಮಾತಾಡಿದ ಹಾಗಾಯಿತು.

ನೂಲು ಉಳಿಸಿದ್ದಕ್ಕೆ ಮರುದಿನ ಪವಾಡವೇನೂ ಆಗಲಿಲ್ಲ. ಮರುದಿನ ಬಂದದ್ದು ಸಭೆಯ ಒಬ್ಬ ತಾಯಿ ಕಳಿಸಿದ ರಾಗಿ ಹಿಟ್ಟು, ಅವರು ಹತ್ತಾರು ಮನೆಗಳಿಗೆ ಕಳಿಸಿದಂತೆ ನಮಗೂ ಕಳಿಸಿದ್ದು. ನಾನು ಮಾಸ್ಕ್ ಹೊಲಿದೆ. ನಮ್ಮ ಮನೆಯವರು ತೂಬಗೆರೆ ಕಡೆ ತೋಟದ ಕೂಲಿಗೆ ಹೋದರು. ಜನ್ಮದಲ್ಲಿ ಗುದ್ದಲಿ ಹಿಡಿಯದ ನೇಕಾರನ ಕೈ ಬೊಬ್ಬೆ ಎದ್ದು, ರಾತ್ರಿ ಅನ್ನ ಕಲಸಲೂ ಆಗುತ್ತಿರಲಿಲ್ಲ. ಅವರ ತಟ್ಟೆಯ ಅನ್ನವನ್ನು ನಾನೇ ಕಲಸಿ ಕೊಡುತ್ತಿದ್ದೆ.

ಸಾಲದ ವಿಷಯಕ್ಕೆ ಬರುತ್ತೇನೆ. ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಮೂರು ತಿಂಗಳು ಕಂತು ಮುಂದೂಡಲು ಅವಕಾಶ ಕೊಟ್ಟಿತು, ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಬೀದಿಯಲ್ಲಿ ಎಲ್ಲರೂ "ಕಂತು ಮಾಫ್ ಆಯ್ತಂತೆ" ಎಂದುಕೊಂಡರು. ಆಲೋಚನೆ ಹೇಳುವವರು ಬಹಳ ಮಂದಿ ಇದ್ದಲ್ಲಿ ಕೆಲಸ ಕೆಡುವುದಿಲ್ಲವೆಂದು ಜ್ಞಾನೋಕ್ತಿಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆದ್ದರಿಂದ ಮಾವನವರು ನಮ್ಮ ಸಭೆಯಲ್ಲಿದ್ದ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರಿಗೆ ಫೋನ್ ಮಾಡಿಸಿದರು. ಅವರು ಬಿಡಿಸಿ ಹೇಳಿದರು: ಕಂತು ಮುಂದಕ್ಕೆ ಹೋಗುತ್ತದೆ, ಬಡ್ಡಿ ನಿಲ್ಲುವುದಿಲ್ಲ. ಕಟ್ಟಲು ಆದಷ್ಟು ಬಡ್ಡಿಯನ್ನಾದರೂ ಕಟ್ಟಿ, ಕೊಟ್ಟದ್ದಕ್ಕೆಲ್ಲ ರಸೀದಿ ಇಟ್ಟುಕೊಳ್ಳಿ, ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ. ಪ್ರಾರ್ಥನೆ ಮಾಡಿ ಮುಗಿಸಿದ ಮೇಲೆ ಅದೇ ಫೋನಿನಲ್ಲಿ ಅವರು ನಮ್ಮ ಲೆಕ್ಕವನ್ನು ಸಾಲು ಸಾಲಾಗಿ ಬರೆಸಿದರು. ಸ್ವಂತ ಬುದ್ಧಿಯ ಮೇಲೆ ಆತುಕೊಳ್ಳದೆ ದೇವರಲ್ಲಿ ಭರವಸೆ ಇಡಬೇಕೆಂದು ಮೂರನೆಯ ಅಧ್ಯಾಯ ಹೇಳುವುದನ್ನು ನಾನು ಬಾಯಿಪಾಠ ಬಲ್ಲವಳು. ನಮ್ಮ ಕಷ್ಟದ ಲೆಕ್ಕವನ್ನು ಬಲ್ಲವರ ಮುಂದೆ ಬಿಚ್ಚಿಟ್ಟಾಗ ಆ ಮಾತು ನಮ್ಮ ಮನೆಯಲ್ಲಿ ನಡೆಯಿತು.

ಬ್ಯಾಂಕಿನವರು ಕಾದರು. ಗುಂಪಿನ ಸಾಲ ಹಾಗಲ್ಲ. ಅಲ್ಲಿ ಒಬ್ಬರು ಕಟ್ಟದಿದ್ದರೆ ಉಳಿದ ಹೆಂಗಸರು ಹೊಣೆ. ವಸೂಲಿಗೆ ಬಂದವರು ಬೆಳಿಗ್ಗೆಯಿಂದ ಸಂಜೆಯವರೆಗೆ ಹೊಸಿಲ ಮೇಲೇ ಕೂತರು. ಜೊತೆಗೆ ನನ್ನ ಗುಂಪಿನ ಹೆಂಗಸರನ್ನೂ ಕೂರಿಸಿದರು. ನಿನ್ನೆಯವರೆಗೆ ಸಕ್ಕರೆ, ಕಾಫಿಪುಡಿ ಕೊಟ್ಟು ತೆಗೆದುಕೊಂಡವರು ತಲೆ ತಗ್ಗಿಸಿ ಕೂತಿದ್ದರು, ಅವರ ಸಂಕಟ ನನ್ನ ಸಂಕಟಕ್ಕಿಂತ ಕಡಿಮೆಯಿರಲಿಲ್ಲ. ವಸೂಲಿಯವರು ಆಡಬಾರದ ಮಾತುಗಳನ್ನು ಮಕ್ಕಳ ಎದುರಿಗೇ ಆಡಿದರು. ಮಗಳು ಹಿಂದಿನ ಬಾಗಿಲಿನಿಂದ ಹೋಗಿ ಹಿಂದಿನ ಬಾಗಿಲಿನಿಂದ ಬರಲು ಶುರು ಮಾಡಿದಳು. ಒಬ್ಬ ಸಂಬಂಧಿಕರು, ಮನೆಗೆ ಬೀಗ ಹಾಕಿ ಹಿಂದೂಪುರದ ಕಡೆ ಹೋಗಿಬಿಡಿ ಎಂದರು.

ಹೊಣೆಯಾಗಿ ಸಿಕ್ಕಿಬಿದ್ದವನು ಏನು ಮಾಡಬೇಕೆಂದು ಜ್ಞಾನೋಕ್ತಿಗಳ ಆರನೆಯ ಅಧ್ಯಾಯದಲ್ಲಿದೆ. ಓಡಿಹೋಗು ಎಂದಿಲ್ಲ. ನಿದ್ದೆ ಮಾಡದೆ, ತಡ ಮಾಡದೆ, ತಗ್ಗಿಕೊಂಡು ಹೋಗಿ ಬೇಡಿಕೊಂಡು ಬಿಡಿಸಿಕೋ ಎಂದಿದೆ. ಅದನ್ನು ಓದಿದ ಮೇಲೆ ನಾವು ಅವರು ಬರುವುದಕ್ಕೆ ಕಾಯಲಿಲ್ಲ. ಕಂತಿನ ದಿನ ನಾನೂ ನಮ್ಮ ಮನೆಯವರೂ ಲೆಕ್ಕದ ಪುಸ್ತಕ ಹಿಡಿದುಕೊಂಡು ನಾವೇ ಹೋದೆವು. ಇಷ್ಟೇ ಆದಾಯ, ವಾರಕ್ಕೆ ಇಷ್ಟೇ ಕೊಡಲು ಸಾಧ್ಯ, ಒಂದು ವಾರವೂ ತಪ್ಪಿಸುವುದಿಲ್ಲ ಎಂದೆವು. ಗುಂಪಿನ ಹೆಂಗಸರ ಮುಂದೆಯೇ ಹೇಳಿದೆವು. ಮೊದಲು ಒಪ್ಪಲಿಲ್ಲ, ಮತ್ತೆ ಹೋದೆವು, ಮತ್ತೆ ಹೋದೆವು. ಕೊನೆಗೆ ಒಪ್ಪಿದರು. ಮಾತು ಉಳಿಸಿಕೊಳ್ಳಲು ಎರಡು ಮಗ್ಗಗಳನ್ನು ಗುಜರಿಗೆ ಹಾಕಿದೆವು. ಕಬ್ಬಿಣದ ತೂಕಕ್ಕೆ ಮಗ್ಗ ಹೋಗುವುದನ್ನು ನೋಡಲಾಗದೆ ಮಾವನವರು ಒಳಗೆ ಹೋಗಿ ಮಲಗಿದರು.

ಸಾಹುಕಾರರು ಮತ್ತೆ ಕೆಲಸ ಶುರು ಮಾಡಿದಾಗ ನೂಲು ತೂಗಿಸಿದರು. ತೂಕ ಸರಿಹೋಯಿತು. ಅದಕ್ಕಾಗಿ ಕೂಲಿ ಹೆಚ್ಚಿಸಲಿಲ್ಲ, ಬಹುಮಾನವನ್ನೂ ಕೊಡಲಿಲ್ಲ. ನಾವೂ ನಿರೀಕ್ಷಿಸಿರಲಿಲ್ಲ. ತಲೆ ಎತ್ತಿಕೊಂಡು ಅವರ ಅಂಗಡಿಯಿಂದ ಹೊರಗೆ ಬಂದೆವು.

ಇಷ್ಟರಲ್ಲಿ 2021ರ ಎರಡನೇ ಅಲೆ. ಮೇ ತಿಂಗಳಲ್ಲಿ ಮಾವನವರಿಗೆ ಉಸಿರಾಟದ ತೊಂದರೆಯಾಯಿತು. ಬೆಂಗಳೂರಿನಲ್ಲಿ ಹಾಸಿಗೆಗಾಗಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದೆವು. ಹಾಸಿಗೆ ಸಿಕ್ಕಿತು, ಅವರು ಉಳಿಯಲಿಲ್ಲ. ಸಮಾಧಿಗೆ ಬರಲು ನಾಲ್ಕಾರು ಮಂದಿಗೆ ಮಾತ್ರ ಅವಕಾಶ. ಅಯ್ಯನವರು ದೂರ ನಿಂತು ಪ್ರಾರ್ಥನೆ ಮಾಡಿದರು. ಮುಖ ನೋಡಲೂ ಆಗಲಿಲ್ಲ.

ಆ ದಿನಗಳಲ್ಲಿ ನನ್ನ ಮನಸ್ಸು ಕಲ್ಲಾಗಿತ್ತು. ಪ್ರಾರ್ಥನೆಗೆ ಮೊಣಕಾಲೂರಿದರೆ ಮಾತು ಹೊರಡುತ್ತಿರಲಿಲ್ಲ. ಸಾಂತ್ವನ ಹೇಳಲು ಬಂದ ಒಬ್ಬರು, "ನಿಮ್ಮ ಮನೆಯಲ್ಲಿ ಏನೋ ಗುಪ್ತ ಪಾಪ ಇರಬೇಕು, ಹುಡುಕಿ ಅರಿಕೆ ಮಾಡಿಕೊಳ್ಳಿ" ಎಂದರು. ಇನ್ನೊಬ್ಬರು, ಕಿವಿಯಲ್ಲಿರುವ ಓಲೆಯನ್ನು ಕಾಣಿಕೆಯಾಗಿ ಬಿತ್ತಿದರೆ ದೇವರು ನೂರರಷ್ಟು ಕೊಡುತ್ತಾನೆ, ಸಾಲವೆಲ್ಲ ಒಂದೇ ಸಲ ತೀರುತ್ತದೆ ಎಂದರು. ನಮ್ಮ ಅಯ್ಯನವರನ್ನು ಕೇಳಿದೆ. "ದೇವರಿಗೆ ವ್ಯಾಪಾರ ಬೇಡಮ್ಮ, ಓಲೆ ಕಿವಿಯಲ್ಲೇ ಇರಲಿ. ಹೋಗಿ ಯೋಬನ ಪುಸ್ತಕ ಓದು" ಎಂದರು.

ಓದಿದೆ. ಏಳನೆಯ ಅಧ್ಯಾಯದಲ್ಲಿ ಯೋಬ ತನ್ನ ದಿನಗಳು ನೇಕಾರನ ಲಾಳಿಗಿಂತ ವೇಗವಾಗಿ ಓಡಿಹೋಗುತ್ತಿವೆ ಎಂದು ಅಳುತ್ತಾನೆ. ನಾನು ಅಲ್ಲಿಯೇ ನಿಂತೆ. ಅಷ್ಟು ದೊಡ್ಡ ನೀತಿವಂತ, ನಮ್ಮ ಕಸುಬಿನ ಮಾತು ಹಿಡಿದು ದೇವರ ಮುಂದೆ ದೂರುತ್ತಿದ್ದಾನೆ. ಮಾವನವರು ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತೆ, ಯಾಕೆ ಎಂದು ದೇವರನ್ನು ಕೇಳಿದೆ. ಯೋಬನ ಸ್ನೇಹಿತರು ಕಷ್ಟಕ್ಕೆಲ್ಲ ಕಾರಣ ಹೇಳಿದರು: ನೀನು ಪಾಪ ಮಾಡಿದ್ದೀ, ಅದಕ್ಕೇ ಶಿಕ್ಷೆ. ದೇವರು ಕೊನೆಯವರೆಗೂ ಯೋಬನಿಗೆ ಕಾರಣ ಹೇಳುವುದಿಲ್ಲ. ಆದರೆ ಕೊನೆಯ ಅಧ್ಯಾಯದಲ್ಲಿ, ಆ ಸ್ನೇಹಿತರು ತನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ, ಯೋಬನೇ ಸರಿಯಾಗಿ ಮಾತಾಡಿದ ಎಂದು ದೇವರೇ ಹೇಳುತ್ತಾನೆ. ಅತ್ತು ದೂರಿದವನ ಪಕ್ಷವನ್ನು ದೇವರು ಹಿಡಿದ. ಇದು ನನಗೆ ಬದುಕು ಕೊಟ್ಟಿತು. ನನ್ನ ಅಳುವಿಗೆ ಅಪನಂಬಿಕೆ ಎಂದು ಹೆಸರಿಡುವ ಹಕ್ಕು ಯಾರಿಗೂ ಇಲ್ಲ ಎಂದು ತಿಳಿಯಿತು.

ಅದೇ ವರ್ಷ ಜೂನ್‌ನಲ್ಲಿ ವಿದ್ಯುತ್ ಮಗ್ಗದ ಕಾರ್ಮಿಕರಿಗೆ ಸರ್ಕಾರ ತಲಾ 3,000 ರೂಪಾಯಿ ಪರಿಹಾರ ಘೋಷಿಸಿತು. ನಿಧಾನಕ್ಕೆ ಮದುವೆಗಳು ನಡೆದವು, ಸೀರೆಗೆ ಬೇಡಿಕೆ ಬಂತು. ಉಳಿದ ಎರಡು ಮಗ್ಗದಲ್ಲಿ ನಾವಿಬ್ಬರೇ ಸರದಿಯ ಮೇಲೆ ದುಡಿದೆವು. ಮಾವನವರು ಇಲ್ಲದ ಮೇಲೂ ತಾರೀಖಿನ ಅಧ್ಯಾಯ ನಿಲ್ಲಲಿಲ್ಲ. ಜ್ಞಾನೋಕ್ತಿಗಳ ಮೂವತ್ತನೆಯ ಅಧ್ಯಾಯದಲ್ಲಿ ಆಗೂರ ಎಂಬವನ ಪ್ರಾರ್ಥನೆ ಇದೆ. ಬಡತನವೂ ಬೇಡ, ಐಶ್ವರ್ಯವೂ ಬೇಡ, ನನ್ನ ಪಾಲಿನ ಆಹಾರ ಕೊಡು ಎಂದು ಅವನು ಕೇಳಿಕೊಳ್ಳುತ್ತಾನೆ. ಹೊಟ್ಟೆ ತುಂಬಿದರೆ ದೇವರನ್ನು ಮರೆತೇನು, ಗತಿಗೆಟ್ಟರೆ ಕದ್ದೇನು ಎಂಬುದು ಅವನ ಭಯ. ಗತಿಗೆಟ್ಟವನಿಗೆ ಕದಿಯುವ ಯೋಚನೆ ಬರುತ್ತದೆ ಎಂಬುದು ದೇವರಿಗೆ ಗೊತ್ತಿದೆ, ಆ ಮಾತು ಸತ್ಯವೇದದಲ್ಲೇ ಇದೆ. ಆ ನೂಲಿನ ಸಂಜೆಯನ್ನು ಕಂಡ ನನಗೆ ಇದಕ್ಕಿಂತ ದೊಡ್ಡ ಆದರಣೆ ಬೇರೆ ಇಲ್ಲ. ಇವತ್ತಿಗೂ ನಮ್ಮ ಕುಟುಂಬ ಪ್ರಾರ್ಥನೆ ಮುಗಿಯುವುದು ಆಗೂರನ ಆ ಬೇಡಿಕೆಯಿಂದಲೇ.

2024ರ ಕ್ರಿಸ್‌ಮಸ್‌ಗೆ ಮೊದಲು ಗುಂಪಿನ ಸಾಲದ ಕೊನೆಯ ಕಂತು ಕಟ್ಟಿದೆವು. ಬ್ಯಾಂಕಿನದು ಇನ್ನೂ ಸ್ವಲ್ಪ ಇದೆ, ತಪ್ಪದೆ ಕಟ್ಟುತ್ತಿದ್ದೇವೆ. ಹೋದ ಎರಡು ಮಗ್ಗ ವಾಪಸ್ ಬಂದಿಲ್ಲ, ಮಾವನವರೂ ಬರುವುದಿಲ್ಲ. ಕಳೆದುಕೊಂಡದ್ದೆಲ್ಲ ಎರಡರಷ್ಟಾಗಿ ಬಂತು ಎಂದು ನಾನು ಸಾಕ್ಷಿ ಹೇಳಲಾರೆ. ಬೇಕಾದ ದಿನ ಬೇಕಾದಷ್ಟು ಬುದ್ಧಿಯನ್ನೂ ಬಲವನ್ನೂ ದೇವರು ಕೊಟ್ಟರು, ಒಂದು ದಿನವೂ ತಪ್ಪಿಸಲಿಲ್ಲ. ಈ ಸಾಕ್ಷಿಯನ್ನು ಎಲ್ಲಿ ನಿಂತು ಬೇಕಾದರೂ ಹೇಳುತ್ತೇನೆ.

ಓದುತ್ತಿರುವ ಸಹೋದರ ಸಹೋದರಿಯರಿಗೆ ನನ್ನದೊಂದು ವಿನಂತಿ. ಸಾಲದಲ್ಲಿ ಸಿಕ್ಕಿರುವವರು ಬಚ್ಚಿಟ್ಟುಕೊಂಡು ಕೊರಗಬೇಡಿ, ಪ್ರಾಣದ ಮೇಲೆ ಕೈ ಮಾಡಿಕೊಳ್ಳುವ ಯೋಚನೆ ಬಂದರೆ ಆ ಕ್ಷಣವೇ ಯಾರನ್ನಾದರೂ ಕೂಗಿ. ವಸೂಲಿಗೆ ಬಂದವರು ಕಿರುಕುಳ ಕೊಟ್ಟರೆ ಸಹಿಸಿಕೊಂಡಿರಬೇಕಿಲ್ಲ. 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ತಂದ ಸುಗ್ರೀವಾಜ್ಞೆ ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ ನಿಗದಿ ಮಾಡಿತು, ಪೊಲೀಸರಿಗೆ ದೂರು ಕೊಡಬಹುದು. ಸಭೆಯ ಹಿರಿಯರಲ್ಲಿಯೂ ಕೇಳಿಕೊಳ್ಳುತ್ತೇನೆ: ಕಷ್ಟದಲ್ಲಿರುವ ಮನೆಗೆ ಹೋದಾಗ ಪಾಪ ಹುಡುಕಬೇಡಿ. ಪ್ರಾರ್ಥನೆ ಮಾಡಿ, ಆಮೇಲೆ ಅವರ ಲೆಕ್ಕದ ಪುಸ್ತಕ ತೆಗೆಸಿ, ಜೊತೆಗೆ ಕೂತು ನೋಡಿ. ನಮ್ಮನ್ನು ಉಳಿಸಿದ್ದು ಅಂಥವರೇ, ಅವರನ್ನು ಕಳಿಸಿದ್ದು ದೇವರೇ.