ಹಿಮಯುಗವೂ ನಮ್ಮ ಹುಲ್ಲುಬೆಟ್ಟಗಳೂ

ತರೀಕೆರೆಯಲ್ಲಿ ಪಾಠ ಹೇಳುತ್ತಿದ್ದಾಗ ಹಿಮಯುಗವೆಂದರೆ ಮಕ್ಕಳಿಗೆ ದೂರದ ಕಥೆ. ಸ್ವೀಡನ್, ನಾರ್ವೆಗಳ ಮೇಲೆ ಕಿಲೋಮೀಟರುಗಟ್ಟಲೆ ದಪ್ಪದ ಹಿಮವಿದ್ದರೆ ನಮ್ಮ ಕಡೂರು, ಅಜ್ಜಂಪುರದ ಬಯಲಿಗೇನು? ಸುಮಾರು 20,000 ವರ್ಷಗಳ ಹಿಂದೆ, ಅಲ್ಲಿ ಹಿಮ ಪರಾಕಾಷ್ಠೆಯಲ್ಲಿದ್ದಾಗ, ಇಲ್ಲಿ ಮುಂಗಾರು ಸೊರಗಿತ್ತು. ಆರ್. ಸುಕುಮಾರ್ ಮತ್ತು ಸಂಗಡಿಗರು ನೀಲಗಿರಿಯ ಜೌಗುಮಣ್ಣನ್ನು ಪರೀಕ್ಷಿಸಿ 1993ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಆಗ ಅಲ್ಲಿ ಹುಲ್ಲಿನದೇ ಮೇಲುಗೈ. ಮಳೆ ಮರಳಿದಾಗ ಕಾಡು ಹಬ್ಬಿತು, ಮುಂದೆ ಮತ್ತೆ ಹಿಂಜರಿಯಿತು.

ನಮ್ಮ ಕೆಮ್ಮಣ್ಣುಗುಂಡಿಯಲ್ಲೂ ಕಣಿವೆಯಲ್ಲಿ ಶೋಲಾ ಕಾಡು, ನೆತ್ತಿಯಲ್ಲಿ ಹುಲ್ಲು. ಕಂಡವರು ‘ಯಾರೋ ಕಡಿದ ಕಾಡು’ ಎಂದು ಮರುಗುತ್ತಾರೆ. ನನಗೆ ಹಾಗೆನಿಸುವುದಿಲ್ಲ. ಹೋದ ತಿಂಗಳು ಶಿಷ್ಯನೊಬ್ಬ ಆ ಇಳಿಜಾರಿನಲ್ಲಿ ಅಕೇಶಿಯಾ ನೆಡುವ ಶಿಬಿರಕ್ಕೆ ಕರೆದ. ‘ಕಡೂರಿನ ಶಾಲೆಗಳ ಅಂಗಳದಲ್ಲಿ ಹೊಂಗೆ ನೆಡುವುದಾದರೆ ಬರುತ್ತೇನೆ, ಹುಲ್ಲಿನ ಮೇಲೆ ಬೇಡಪ್ಪ’ ಎಂದು ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.