ಸಾಯದ ಕುರಿಯೂ ನಂದದ ದೀಪವೂ

ಈ ದಿನ ಪ್ರಾತಃಕಾಲ ಸ್ನಾನವನ್ನು ಮುಗಿಸಿ, ದೇವರ ಮನೆಯ ಹೊಸ್ತಿಲ ಬಳಿ ಕುಳಿತು, ಹಿತ್ತಾಳೆಯ ಕಾಲುದೀಪಗಳೆರಡಕ್ಕೂ ಎಣ್ಣೆ ಎರೆಯಬೇಕೆಂದು ಸೀಸೆಯನ್ನು ಕೈಗೆತ್ತಿಕೊಂಡಾಗ, ಕನ್ನಡಕವು ಎಂದಿನಂತೆ ಕಳೆದುಹೋಗದೆ ಮೂಗಿನ ಮೇಲೆಯೇ ಇದ್ದ ಕಾರಣದಿಂದ, ಅದರ ಚೀಟಿಯ ಮೇಲಿನ ಬರಹವನ್ನು ಓದುವ ದುರ್ಬುದ್ಧಿ ನನಗೆ ಉಂಟಾಯಿತು. ಮೇಲ್ಭಾಗದಲ್ಲಿ ಪದ್ಮಾಸನಸ್ಥೆಯಾದ ಲಕ್ಷ್ಮಿ. ಆಕೆಯ ಇಕ್ಕೆಲಗಳಲ್ಲಿ ಪ್ರಜ್ವಲಿಸುತ್ತಿರುವ ದೀಪಗಳು. ‘ಶುದ್ಧ’, ‘ದಿವ್ಯ’, ‘ಪರಿಮಳಭರಿತ’ ಎಂಬ ವಿಶೇಷಣಗಳ ಸಾಲು. ಇವೆಲ್ಲದರ ಕೆಳಗೆ, ಇರುವೆಯ ಕಣ್ಣಿಗೂ ಶ್ರಮವಾಗಬಹುದಾದಷ್ಟು ಸಣ್ಣ ಅಕ್ಷರಗಳಲ್ಲಿ, ಇದು ಪೂಜೆಗೆ ಮಾತ್ರವೆಂದೂ ಸೇವನೆಗೆ ಯೋಗ್ಯವಲ್ಲವೆಂದೂ ಒಂದು ಎಚ್ಚರಿಕೆ.

ನಾವು ತಿನ್ನಲಾಗದ್ದನ್ನು ದೇವರಿಗೆ ಕೊಡುವುದಕ್ಕೆ ಇಷ್ಟೊಂದು ಬಹಿರಂಗವಾದ ಪ್ರಮಾಣಪತ್ರವೆ! ನೈವೇದ್ಯಕ್ಕೆಂದು ಮಾಡಿದ ಪಾಯಸವನ್ನು ಮೂಸಿಯೂ ನೋಡಬಾರದೆಂದು ಬಾಲ್ಯದಲ್ಲಿ ಬೆನ್ನಿನ ಮೇಲೆ ಪಾಠ ಹೇಳಿಸಿಕೊಂಡ ನನಗೆ ಇದು ಸಹಿಸಲಸಾಧ್ಯವಾಗಿ, ಆ ವಾಕ್ಯವನ್ನು ಗಟ್ಟಿಯಾಗಿಯೇ ಓದಿದೆ. ಅಡುಗೆಮನೆಯಿಂದ ನಮ್ಮ ಮನೆಯಾಕೆಯ ಉತ್ತರ ಬಂದಿತು: “ದೇವರೇನು ಅದನ್ನು ಒಗ್ಗರಣೆಗೆ ಹಾಕ್ತಾನೆಯೆ? ಹೊತ್ತಾಯಿತು, ದೀಪ ಹಚ್ಚೀಂದ್ರೆ.” ದೀಪವನ್ನು ಹಚ್ಚಿದೆ, ಆದರೆ ಮಂತ್ರದ ನಡುವೆ ಆ ಚೀಟಿಯೇ ಕಣ್ಣ ಮುಂದೆ ನಿಂತಿತು.

ದೀಪದ ಸಂಕೇತಾರ್ಥವೇನೆಂದು ಕೇಳುವವರಿಗೆ ಉತ್ತರಗಳು ಎಂದೋ ಸಿದ್ಧವಾಗಿವೆ. ಪೀಠವು ಬ್ರಹ್ಮ, ಕಂಬವು ವಿಷ್ಣು, ಎಣ್ಣೆಯ ತಟ್ಟೆಯು ರುದ್ರ; ಐದು ಬತ್ತಿಗಳೆಂದರೆ ಪಂಚಭೂತಗಳು; ಎಣ್ಣೆಯು ವಾಸನಾರಾಶಿ, ಬತ್ತಿಯು ಅಹಂಕಾರ, ಜ್ವಾಲೆಯು ಜ್ಞಾನ, ಕತ್ತಲೆಯು ಅವಿದ್ಯೆ. ಕುಂಭಕೋಣದ ಸಮೀಪದ ನಾಚ್ಚಿಯಾರ್‌ಕೋಯಿಲಿನಲ್ಲಿ ಎರಕವಾಗುವ ದೀಪಸ್ತಂಭಗಳ ತುದಿಯಲ್ಲಿ ಕುಳಿತಿರುವ ಹಂಸವು ನೀರಕ್ಷೀರ ವಿವೇಕ. ಹರಿಕಥೆಯ ದಾಸರು ಇವುಗಳನ್ನು ನನಗಿಂತ ಚೆನ್ನಾಗಿ ಹೇಳಬಲ್ಲರು; ಕೇಳುವವರೂ ಮುಂದಿನ ಪದವನ್ನು ಅವರಿಗಿಂತ ಮೊದಲೇ ಉಚ್ಚರಿಸಬಲ್ಲರು. ಆದ್ದರಿಂದ ಆ ವಿಷಯವನ್ನು ಅಲ್ಲಿಯೇ ಬಿಡುತ್ತೇನೆ. ಒಂದೇ ಒಂದು ತಕರಾರು: ಈ ವ್ಯಾಖ್ಯಾನಗಳಲ್ಲೆಲ್ಲ ದೀಪವು ತಾನಾಗಿಯೇ ಉರಿಯುತ್ತದೆ. ಅದಕ್ಕೆ ಎಣ್ಣೆ ಹಾಕಿದವರು ಯಾರು, ಬತ್ತಿಯನ್ನು ಹೊಸೆದವರು ಯಾರು, ಕಿಲುಬನ್ನು ತಿಕ್ಕಿದವರು ಯಾರು ಎಂಬ ಪ್ರಶ್ನೆಗೆ ವೇದಾಂತದಲ್ಲಿ ಎಡೆಯಿಲ್ಲ.

ಹಿತ್ತಾಳೆಯೋ, ಸೇವೆಯನ್ನು ಕೇಳಿ ಪಡೆಯುವ ಲೋಹ. ತಾಮ್ರ ಸತುವುಗಳ ಈ ಮಿಶ್ರಣವು ಹೊಳೆದಾಗ ಚಿನ್ನವನ್ನು ನಾಚಿಸುವುದು ನಿಜ. ಆದರೆ ಗಾಳಿಯ ತೇವವೂ ಹಳೆಯ ಎಣ್ಣೆಯ ಆಮ್ಲವೂ ಸೋಂಕಿದೊಡನೆಯೇ ಅದರ ಸಂದುಸಂದಿನಲ್ಲಿಯೂ ಹಸುರು ಕಿಲುಬು ಹುಟ್ಟುತ್ತದೆ. ಗುರುವಾರದ ಸಂಜೆಗಳಲ್ಲಿ ನಮ್ಮ ಅಜ್ಜಿ ಬಾವಿಕಟ್ಟೆಯ ಬಳಿ ಕುಳಿತು ಹಳೆಯ ಹುಣಸೆಹಣ್ಣನ್ನೂ ಒಲೆಯ ಬೂದಿಯನ್ನೂ ಹಚ್ಚಿ, ನಾಗಮಂಗಲದಿಂದ ತಂದಿದ್ದ ಆ ಜೋಡಿ ದೀಪಗಳನ್ನು ತಿಕ್ಕುತ್ತಿದ್ದಾಗ, ಮಾತನಾಡಿಸಿದವರಿಗೆ ಉತ್ತರ ಬರುತ್ತಿರಲಿಲ್ಲ. ಮಧ್ಯಾಹ್ನಗಳಲ್ಲಿ ಹತ್ತಿಯ ಬೀಜವನ್ನು ಬಿಡಿಸಿ, ಎಳೆಯನ್ನು ಹಿಂಜಿ, ಹಾಲಿನ ಬೆರಳಿನಿಂದ ಹೂಬತ್ತಿಗಳ ತುದಿಯನ್ನು ತೀಡುತ್ತಿದ್ದಾಗ ಮಾತ್ರ ಊರಿನ ಸಮಸ್ತ ವಾರ್ತೆಗಳೂ ಆಕೆಯ ಬಾಯಿಂದ ಹೊರಡುತ್ತಿದ್ದುವು. ಕಾರ್ತಿಕದಲ್ಲಿ ಲಕ್ಷಬತ್ತಿಯ ವ್ರತವನ್ನು ಹಿಡಿದವರ ಮನೆಯಲ್ಲಿ ಎಷ್ಟು ವಾರ್ತೆಗಳು ಸೇರುತ್ತಿದ್ದುವೋ! ಈಗ ಅಂಗಡಿಗಳಲ್ಲಿ ಮೆರುಗೆಣ್ಣೆ ಹಚ್ಚಿದ ದೀಪಗಳು ದೊರೆಯುತ್ತವೆ. ತಿಕ್ಕಬೇಕಾದುದಿಲ್ಲವೆಂದು ಮಾರುವವನು ಹೆಮ್ಮೆಯಿಂದ ಹೇಳುತ್ತಾನೆ. ದೀಪ ಉರಿದಂತೆ ಆ ಮೆರುಗು ಸುಟ್ಟು ಕಂದು ಬಣ್ಣಕ್ಕೆ ತಿರುಗುವುದನ್ನು ಅವನು ಹೇಳುವುದಿಲ್ಲ.

ಎಣ್ಣೆಯ ವಿಷಯಕ್ಕೆ ಮರಳಿದರೆ, ನನ್ನ ಕೋಪದ ತಳಹದಿಯೇ ಸ್ವಲ್ಪ ಅಲುಗಾಡುತ್ತದೆಂಬುದನ್ನು ಮರೆಮಾಚಲಾರೆ. ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಉರಿದ ಹೊಂಗೆಯೆಣ್ಣೆಯನ್ನು ಯಾರು ತಾನೆ ತಿಂದಿದ್ದರು? ಅದರ ಕಹಿಯನ್ನು ನಾಲಗೆಗೆ ತಾಕಿಸಿಕೊಂಡವನು ಆ ದಿನವೆಲ್ಲ ಉಗುಳುತ್ತಿರಬೇಕು. ಹರಳೆಣ್ಣೆಯ ಸೇವನೆಯಿಂದ ಆಗುವ ಪರಿಣಾಮವನ್ನು ಲಲಿತ ಪ್ರಬಂಧದಲ್ಲಿ ವರ್ಣಿಸುವುದು ಉಚಿತವಲ್ಲ. ಹಾಗಿದ್ದರೂ ಒಂದು ಭೇದವುಂಟು: ಹೊಂಗೆಯ ಮರವು ಯಾವುದು, ಅದರ ಬೀಜವನ್ನು ಆಯ್ದವರಾರು, ಗಾಣಕ್ಕೆ ಕೊಟ್ಟವರಾರು ಎಂಬುದು ಮನೆಯವರಿಗೆಲ್ಲ ತಿಳಿದಿತ್ತು. ಈ ಸೀಸೆಯೊಳಗಿನ ದ್ರವದ ಗೋತ್ರಸೂತ್ರಗಳು ಲಕ್ಷ್ಮಿಗೂ ತಿಳಿದಿರಲಾರವು.

ನಮ್ಮ ಪೂರ್ವಿಕರು ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾಗಿದ್ದರೆಂಬುದನ್ನು ಕಾಣಬೇಕಾದರೆ ಶಾಸನಗಳನ್ನು ನೋಡಬೇಕು. ಕನ್ನಡ ನಾಡಿನ ಗುಡಿಗಳ ಕಲ್ಲುಗಳ ಮೇಲೆ ನಂದಾದೀವಿಗೆಗಾಗಿ ಬಿಟ್ಟ ದತ್ತಿಗಳು ಒಂದೆರಡಲ್ಲ. ತೆಲ್ಲಿಗರು ತಮ್ಮ ಗಾಣಕ್ಕೆ ಇಂತಿಷ್ಟು ಸೊಲ್ಲಗೆ ಎಣ್ಣೆಯೆಂದು ಒಪ್ಪಿ ಬರೆಯಿಸುತ್ತಾರೆ. ಬರೆಯಿಸಿ ಸುಮ್ಮನಾಗದೆ, ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳನ್ನು ಕೊಂದ ಪಾಪವನ್ನೂ, ಅರವತ್ತು ಸಾವಿರ ವರ್ಷಗಳ ಕಾಲ ಅಮೇಧ್ಯದಲ್ಲಿ ಕ್ರಿಮಿಯಾಗಿರುವ ಯೋಗವನ್ನೂ ಸಂಕಲ್ಪಿಸುತ್ತಾರೆ. ಚೀಟಿಯ ಮೇಲೆ ಮುದ್ರಿಸತಕ್ಕದ್ದು ಇದನ್ನು! ಕಲಬೆರಕೆಯನ್ನು ತಡೆಯುವುದಕ್ಕೆ ಯಾವ ಕಾಯಿದೆಯೂ ಇದಕ್ಕಿಂತ ಪರಿಣಾಮಕಾರಿಯಾಗಲಾರದು.

ಆದರೆ ಈ ಕಟ್ಟುನಿಟ್ಟಿನ ಪರಾಕಾಷ್ಠೆಯನ್ನು ಕಾಣಲು ತಂಜಾವೂರಿಗೆ ಹೋಗಬೇಕು. ರಾಜರಾಜ ಚೋಳನು ಕಟ್ಟಿಸಿ 1010ರ ವೇಳೆಗೆ ಪೂರ್ಣಗೊಳಿಸಿದ ಬೃಹದೀಶ್ವರಾಲಯದ ಶಾಸನಗಳಲ್ಲಿ, ನಂದಾದೀಪವೊಂದಕ್ಕೆ ದಿನವೊಂದಕ್ಕೆ ಒಂದು ಉಳಕ್ಕು ತುಪ್ಪವೆಂದೂ, ಅದಕ್ಕಾಗಿ 96 ಕುರಿಗಳು, ಇಲ್ಲವೆ 48 ಹಸುಗಳು, ಇಲ್ಲವೆ 16 ಎಮ್ಮೆಗಳೆಂದೂ ಲೆಕ್ಕವಿದೆ. ಎರಡು ಕುರಿಗೆ ಒಂದು ಹಸು, ಮೂರು ಹಸುವಿಗೆ ಒಂದು ಎಮ್ಮೆ ಎಂಬ ಈ ಸಮೀಕರಣವನ್ನು ನಾನು ಬಂದವರಿಗೆಲ್ಲ ಹೇಳಿ, ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಆದರೂ ಯೋಚಿಸಬೇಡವೆ? ಆ ಮಹಾಲಯದ ಕತ್ತಲೆಯ ಮೂಲೆಯೊಂದರಲ್ಲಿ ಕಿರುಬೆರಳಿನಷ್ಟು ಜ್ವಾಲೆಯು ಅಲುಗಾಡದೆ ನಿಂತಿದೆ. ಅದರ ಹಿಂದೆ, ಕಾವೇರಿಯ ಬಯಲಿನ ಯಾವುದೋ ಹುಲ್ಲುಗಾವಲಿನಲ್ಲಿ ತೊಂಬತ್ತಾರು ಕುರಿಗಳು ತಾವು ಶಿವಸಾಯುಜ್ಯದ ಕಾರ್ಯದಲ್ಲಿ ನಿಯುಕ್ತರಾಗಿರುವೆವೆಂಬ ಅರಿವೇ ಇಲ್ಲದೆ ಮೇಯುತ್ತಿವೆ. ಅವು ಎಂತಹ ಕುರಿಗಳು? ಸಾಯದ, ಮುಪ್ಪಾಗದ ಹಿರಿಯ ಕುರಿಗಳೆಂದು ಆ ಕಾಲದ ತಮಿಳು ಶಾಸನಗಳೇ ಹೇಳುತ್ತವೆ. ಇದು ಪವಾಡವಲ್ಲ, ಕರಾರು. ಸತ್ತ ಕುರಿಯ ಸ್ಥಾನಕ್ಕೆ ಮರಿಯೊಂದು ಬರಬೇಕು. ಹಿಂಡಿನ ಸಂಖ್ಯೆ ಕುಗ್ಗಬಾರದು. ಕುರಿಗಳನ್ನು ವಹಿಸಿಕೊಂಡ ಗೋವಳರ ಹೆಸರುಗಳೂ, ಅವರ ಪರವಾಗಿ ಹೊಣೆ ನಿಂತ ಬಂಧುಗಳ ಹೆಸರುಗಳೂ ಅದೇ ಕಲ್ಲಿನ ಮೇಲೆ ರಾಜನ ಬಿರುದುಗಳ ನೆರೆಯಲ್ಲಿಯೇ ಇವೆ. ಅಮರತ್ವವನ್ನು ಋಷಿಗಳು ತಪಸ್ಸಿನಿಂದ ಹುಡುಕಿದರು. ಚೋಳರ ಕರಣಿಕರು ಅದನ್ನು ಬದಲಿ ಕುರಿಯ ಷರತ್ತಿನಿಂದ ಸಾಧಿಸಿದರು. ಮಳೆ ತಪ್ಪಿದ ವರ್ಷ ಗೋವಳನು ಏನು ಮಾಡಿದನೋ, ತೋಳವು ಬಂದ ರಾತ್ರಿ ಆ ಹೊಣೆಗಾರ ಭಾವಮೈದುನನ ಮುಖ ಹೇಗಿತ್ತೋ, ತೊಂಬತ್ತೈದಕ್ಕೆ ಇಳಿದ ಹಿಂಡನ್ನು ಎಣಿಸಲು ಬಂದ ದೇವಸ್ಥಾನದ ಅಧಿಕಾರಿಯ ಮುಂದೆ ನೆರೆಯವನ ಕುರಿಯೊಂದು ಆ ಮುಹೂರ್ತಕ್ಕೆ ಸಾಲವಾಗಿ ಬಂದು ನಿಂತಿತೋ ಎಂದು ನಾನು ಎಷ್ಟೋ ಸಲ ಊಹಿಸಿ ಸಂತೋಷಪಟ್ಟಿದ್ದೇನೆ. ಗರ್ಭಗುಡಿಯ ದೀಪಕ್ಕೆ ಬೆನ್ನುಹಾಕಿ ಈ ಕುರಿಗಳ ಹಿಂದೆ ಅಲೆಯುವುದು ಭಕ್ತಿಯಲ್ಲವೆಂದು ಯಾರಾದರೂ ಅಂದರೆ, ಅನ್ನಲಿ.

ಹಾಸನದ ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜ ಮಾಸದ ಹುಣ್ಣಿಮೆಯ ನಂತರದ ಗುರುವಾರ ತೆರೆದು, ಬಲಿಪಾಡ್ಯಮಿಯಾದ ಮೇಲೆ ಮುಚ್ಚಿದರೆ, ಮತ್ತೆ ತೆರೆಯುವುದು ಮರುವರ್ಷವೇ. ಹಿಂದಿನ ವರ್ಷ ಹಚ್ಚಿಟ್ಟ ದೀಪವು ಆಗಲೂ ಉರಿಯುತ್ತಿರುತ್ತದೆಂದೂ, ಏರಿಸಿದ ಹೂವು ಬಾಡಿರುವುದಿಲ್ಲವೆಂದೂ ಭಕ್ತರ ನಂಬುಗೆ. ಆ ನಂಬುಗೆಗೆ ಕೈಮುಗಿಯುತ್ತೇನೆ. ಆದರೆ ಯಾರ ಹಂಗೂ ಇಲ್ಲದೆ ಉರಿಯುವ ದೀಪಕ್ಕಿಂತ, ತೊಂಬತ್ತಾರು ಕುರಿಗಳ ಹಂಗಿನಲ್ಲಿ ಉರಿಯುವ ದೀಪವೇ ನನಗೆ ಹತ್ತಿರದ್ದೆನಿಸುತ್ತದೆ.

ದೀಪವೆಂದೊಡನೆ ಸಂಸ್ಕೃತಜ್ಞರಾದ ನನ್ನ ಮಿತ್ರರು ಕಾಳಿದಾಸನನ್ನು ಕರೆತರದೆ ಇರರು. ರಘುವಂಶದ ಆರನೆಯ ಸರ್ಗದಲ್ಲಿ, ಸ್ವಯಂವರ ಮಂಟಪದಲ್ಲಿ ಸಾಲಾಗಿ ಕುಳಿತ ಅರಸರ ಮುಂದೆ ಇಂದುಮತಿಯು ನಡೆದುಹೋಗುವುದನ್ನು, ರಾತ್ರಿಯಲ್ಲಿ ರಾಜಮಾರ್ಗದಲ್ಲಿ ಸಾಗುವ ದೀಪಶಿಖೆಗೆ ಹೋಲಿಸಿ, ಆಕೆ ದಾಟಿಹೋದ ಅರಸನ ಮುಖವು ಬೆಳಕು ದಾಟಿದ ಉಪ್ಪರಿಗೆಯಂತೆ ಮಂಕಾಯಿತೆಂದು ಕವಿಯು ಹೇಳಿದನಷ್ಟೆ. ಆ ಒಂದು ಉಪಮೆಯ ಬಲದಿಂದ ರಸಿಕರು ಅವನಿಗೆ ದೀಪಶಿಖಾ ಕಾಳಿದಾಸನೆಂಬ ಹೆಸರನ್ನೇ ಇತ್ತರು. ಒಪ್ಪಿದೆ. ಆದರೆ ಉಪ್ಪರಿಗೆಗಳ ಮುಂದೆ ಸಾಗುವ ದೀಪಕ್ಕೆ ಕಾಲಿಲ್ಲ. ಅದನ್ನು ಹಿಡಿದು ನಡೆದವರು ಯಾರಾದರೂ ಇರಲೇಬೇಕು. ಇಂದುಮತಿಯೆಂಬ ದೀಪವನ್ನು ಅರಸನಿಂದ ಅರಸನ ಬಳಿಗೆ ನಡೆಸಿಕೊಂಡು ಹೋದವಳು ಪ್ರತೀಹಾರಿಯಾದ ಸುನಂದೆ. ಮಗಧೇಶ್ವರನ ಪರಾಕ್ರಮವೇನು, ಅಂಗರಾಜನ ಐಶ್ವರ್ಯವೇನು, ಅವಂತಿಯ ಬೆಳುದಿಂಗಳೇನು, ಎಲ್ಲವೂ ಅವಳ ನಾಲಗೆಯ ಮೇಲಿವೆ. ಇಂದುಮತಿಯು ಒಬ್ಬನನ್ನು ತಿರಸ್ಕರಿಸಿದ ಮರುಕ್ಷಣವೇ ಸುನಂದೆಯು ಮತ್ತೊಬ್ಬನನ್ನು ಅದೇ ಉತ್ಸಾಹದಿಂದ ಹೊಗಳಬಲ್ಲಳು. ಇಷ್ಟು ವಿದ್ಯೆಯುಳ್ಳವಳಿಗೆ ರಸಿಕರು ಬಿರುದೊಂದನ್ನೂ ಕೊಡಲಿಲ್ಲ.

ನಮ್ಮ ಗುಡಿಗಳಲ್ಲಿ ಅಂಗೈಗಳೆರಡರಲ್ಲಿ ಹಣತೆಯನ್ನು ಹಿಡಿದು ನಿಂತಿರುವ ಹಿತ್ತಾಳೆಯ ದೀಪದ ಮಲ್ಲಿಯರನ್ನು ಕಂಡಾಗಲೆಲ್ಲ ನನಗೆ ಈ ಸುನಂದೆಯ ನೆನಪಾಗುತ್ತದೆ. ಕವಿ ಕೆ. ಎಸ್. ನರಸಿಂಹಸ್ವಾಮಿಗಳು ಒಂದು ಕವನ ಸಂಕಲನಕ್ಕೆ ‘ದೀಪದ ಮಲ್ಲಿ’ಯೆಂದು ಹೆಸರಿಟ್ಟು ಆ ಮಲ್ಲಿಗೆ ಸ್ವಲ್ಪಮಟ್ಟಿಗೆ ನ್ಯಾಯ ದೊರಕಿಸಿದರು. ಸುನಂದೆಗೆ ಅದೂ ದೊರೆಯಲಿಲ್ಲ. ಆದರೆ ಕಾಳಿದಾಸನು ಅವಳನ್ನು ಪೂರ್ತಿಯಾಗಿ ಕೈಬಿಟ್ಟನೆನ್ನುವಂತಿಲ್ಲ. ಇಂದುಮತಿಯು ವರಿಸಲಿದ್ದ ಅಜನ ಮುಂದೆ ಆಕೆಯ ಕಾಲು ಕಟ್ಟಿಹಾಕಿದಂತೆ ನಿಂತಾಗ, ಆಕೆಯ ಮನಸ್ಸನ್ನು ಚೆನ್ನಾಗಿ ಬಲ್ಲ ಸುನಂದೆಯು, ಏನೂ ಅರಿಯದವಳಂತೆ, ಇನ್ನು ಮುಂದಿನವರ ಬಳಿಗೆ ಹೋಗೋಣವೆ ಎಂಬರ್ಥದ ಮಾತನ್ನಾಡುತ್ತಾಳೆ. ರಾಜಕುಮಾರಿಯು ಅವಳನ್ನು ಅಸೂಯೆಯಿಂದ ಓರೆಗಣ್ಣಿನಲ್ಲಿ ನೋಡುತ್ತಾಳೆ. ಇಷ್ಟು ಹೊತ್ತು ಶಿಷ್ಟಾಚಾರದ ಶೈಲಿಯಲ್ಲಿ ಭೂಪಾಲರ ವಂಶಾವಳಿಗಳನ್ನು ಒಪ್ಪಿಸಿ ದಣಿದ ಹೆಣ್ಣು, ಕೆಲಸ ಮುಗಿಯಿತೆಂದು ತಿಳಿದ ಗಳಿಗೆಯಲ್ಲಿ ಆಡಿದ ಆ ಒಂದು ಹಾಸ್ಯದ ಮಾತಿಗಾಗಿ ಇಡೀ ಸರ್ಗವನ್ನೇ ಮತ್ತೆ ಓದಬಹುದು. ತಿರಸ್ಕೃತರಾದ ಅರಸರು, ಅಜನು ಮರಳಿ ಹೋಗುವಾಗ ದಾರಿಯಲ್ಲಿ ಅವನನ್ನು ಅಡ್ಡಗಟ್ಟಿ ಯುದ್ಧ ಮಾಡಿದರೆಂದು ಮುಂದಿನ ಸರ್ಗವು ವಿಸ್ತಾರವಾಗಿ ಹೇಳುತ್ತದೆ. ಅವರೆಲ್ಲರ ಗುಣಗಾನವನ್ನು ಅಷ್ಟು ಸೊಗಸಾಗಿ ಮಾಡಿದ ಸುನಂದೆಗೆ ಅವರ ವಿಷಯದಲ್ಲಿ ಆಗ ಯಾವ ಅಭಿಪ್ರಾಯ ಉಂಟಾಯಿತೆಂಬುದನ್ನು ಕವಿಯು ಹೇಳಿದ್ದರೆ, ಆ ಯುದ್ಧವರ್ಣನೆಯ ಅರ್ಧವನ್ನು ನಾನು ಸಂತೋಷವಾಗಿ ಬಿಟ್ಟುಕೊಡುತ್ತಿದ್ದೆ.