ಚಿಕ್ಕನರಗುಂದದಲ್ಲಿ ಹಳಿ ತಪ್ಪಿದ ರೈಲು

ನರಗುಂದದ ಗುಡ್ಡವನ್ನು ಹಿಂದಕ್ಕೆ ಬಿಟ್ಟು ಚಿಕ್ಕನರಗುಂದದತ್ತ ಹೊರಟವರ ಕಣ್ಣಿಗೆ ಮೊದಲು ಬೀಳುವುದು ಎರೆಯ ಭೂಮಿ. ಮಳೆಯಲ್ಲಿ ಉಬ್ಬಿ ಕಾಲಿಗೆ ಮೆತ್ತುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುವ ಈ ಕರಿಯ ನೆಲವು ಜೋಳಕ್ಕೂ ಹತ್ತಿಗೂ ತಾಯಿಯಾದರೂ, ರೈಲುಹಳಿ ಹಾಸುವವರಿಗೆ ಮಲತಾಯಿಯೇ ಸರಿ. ನರಗುಂದಕ್ಕೆ ರೈಲು ಇಲ್ಲ. ಗಾಡಿ ಹಿಡಿಯಬೇಕಾದವರು ಹೊಳೆಆಲೂರಿಗೋ ಗದಗಿಗೋ ಹುಬ್ಬಳ್ಳಿಗೋ ಹೋಗತಕ್ಕದ್ದು. ಅಂತಹ ಸೀಮೆಯಲ್ಲಿ ನಾವು ಒಂದಿರುಳೆಲ್ಲ ಹಳಿ ಹಾಸುತ್ತ ಕುಳಿತಿದ್ದೆವೆಂದರೆ ವಾಚಕರು ನಕ್ಕಾರು.

ದೀಪಾವಳಿಗೆಂದು ಆಪ್ತರ ಮನೆಗೆ ಹೋದಾಗ ಅಲ್ಲಿಯ ಹುಡುಗನಿಗಾಗಿ ಒಂದು ಆಟದ ರೈಲನ್ನು ಒಯ್ದಿದ್ದೆವು. ನಿಜವಾದ ರೈಲಿನ 87ರಲ್ಲಿ ಒಂದು ಪಾಲಿನ ಅಳತೆ. ಹಳಿಗಳ ನಡುವಣ ಅಂತರ 16.5 ಮಿಲಿಮೀಟರು. ಪಡಸಾಲೆಯ ಸಾರಿಸಿದ ನೆಲದ ಮೇಲೆ ಹಳಿ ಜೋಡಿಸಿ ಗಾಡಿಯನ್ನು ಬಿಟ್ಟದ್ದೇ ತಡ, ಕಂಬದ ಬಳಿಯ ತಿರುವಿನಲ್ಲಿ ಡಬ್ಬಿಗಳೆಲ್ಲ ಉರುಳಿದವು. ವೇಗ ತಗ್ಗಿಸಿದೆವು, ಡಬ್ಬಿಗಳಲ್ಲಿ ನಾಣ್ಯಗಳನ್ನಿಟ್ಟು ಭಾರ ಹೆಚ್ಚಿಸಿದೆವು. ಫಲವಾಗಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಹುಡುಗನು ಹುಬ್ಬಳ್ಳಿಯ ವಸತಿಶಾಲೆಗೆ ಮರಳಬೇಕು. ಅವನ ಮೋರೆ ನೋಡಲಾರದಂತಾಯಿತು.

ಮನೆಯ ಅಜ್ಜನವರು ಮೂಲೆಯಲ್ಲಿ ಕುಳಿತಿದ್ದರು. ಹೊಳೆಆಲೂರ ಕಡೆಯ ಮಾರ್ಗದಲ್ಲಿ ಗ್ಯಾಂಗಿನವರಾಗಿ ದುಡಿದವರು. 1882ರಲ್ಲಿ ಹುಟ್ಟಿದ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಗದಗದಿಂದ ಹೊಟಗಿಯವರೆಗೆ ಹಾಸಿದ ಆ ಮಾರ್ಗವು ಅವರ ಕಾಲದಲ್ಲಿ 1,000 ಮಿಲಿಮೀಟರಿನ ಮೀಟರುಗೇಜು. ಈಗ 1,676ರ ಬ್ರಾಡುಗೇಜು. ಕಣ್ಣು ಮಂಜಾದ ಮೇಲೆ ಮನೆಯಲ್ಲಿ ಅವರನ್ನು ಏನೊಂದನ್ನೂ ಕೇಳುವ ವಾಡಿಕೆ ತಪ್ಪಿತ್ತು. ನಾವೂ ಕೇಳಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

“ಬಿದ್ದಲ್ಲಿ ಯಾಕ ಹುಡುಕತೀರಿ? ಗಾಲಿ ಏರಿದ್ದೆಲ್ಲಿ ನೋಡ್ರಿ,” ಎಂದರು.

ಗಾಲಿಯ ಅಂಚು ಮೊದಲು ಹಳಿಯ ನೆತ್ತಿಯನ್ನೇರುತ್ತದೆ. ಅದರ ಮೇಲೆಯೇ ತುಸು ದೂರ ಓಡಿ ಬಳಿಕ ಕೆಳಗೆ ಬೀಳುತ್ತದೆ. ಆದುದರಿಂದ ತಪ್ಪು ಇರುವುದು ಬಿದ್ದ ಜಾಗದ ಹಿಂದೆ. ಅಜ್ಜನವರು ನೆಲಕ್ಕೆ ಬಗ್ಗಿ ಹಳಿಯ ಒಳಮೈಯ ಮೇಲೆ ಉಗುರು ಎಳೆಯುತ್ತ ಬಂದರು. ಗೇಣು ಹಿಂದೆ ಉಗುರು ತಡೆಯಿತು. ಕೂಡಿಸುವ ತಗಡಿನೊಳಗೆ ಸೇರಬೇಕಾದ ಹಳಿಯ ತುದಿ ತಗಡಿನ ಮೇಲೇರಿ ಕುಳಿತಿತ್ತು! ಅಷ್ಟು ಹೊತ್ತು ಕಣ್ಣಿದ್ದ ನಮಗೆ ಅದು ಕಂಡಿರಲಿಲ್ಲ.

ಅದನ್ನು ಸರಿಪಡಿಸಿದ ಮೇಲೆ ಗಾಡಿ ಎರಡು ಸುತ್ತು ಓಡಿ ಪುನಃ ಬಿದ್ದಿತು. ಈ ಸಲ ನೆಲದ ತಪ್ಪು: ಒಂದು ಹಳಿಯ ಕೆಳಗೆ ಮಣ್ಣು ಕುಸಿದು, ಡಬ್ಬಿಯ ನಾಲ್ಕು ಗಾಲಿಗಳಲ್ಲಿ ಒಂದು ಗಾಳಿಯಲ್ಲಿ ತೇಲುತ್ತಿತ್ತು. ಹಳೆಯ ಪಂಚಾಂಗದ ಹಾಳೆಯನ್ನು ಮಡಿಸಿ ಅಡಿಗಿಟ್ಟೆವು. ಎರೆಯ ನೆಲವು ಜಲ್ಲಿಕಲ್ಲನ್ನು ನುಂಗುವುದನ್ನೂ, ಮಳೆ ಹೋದ ಮೇಲೆ ತಗ್ಗಿದ ಹಳಿಯನ್ನೆತ್ತಿ ಅಡಿಗೆ ಕಲ್ಲು ಬಡಿಯುತ್ತಿದ್ದುದನ್ನೂ ಅಜ್ಜನವರು ಆಗ ಬಣ್ಣಿಸಿದರು. ಹುಡುಗನು ಬಾಯಿ ತೆರೆದು ಕೇಳಿದನು.

ಉಳಿದದ್ದು ಒಂದು ಕೆಂಪು ಡಬ್ಬಿ. ಅದು ಮಾತ್ರ ಎಲ್ಲೆಂದರಲ್ಲಿ ಬೀಳುತ್ತಿತ್ತು. ಎಲ್ಲ ಡಬ್ಬಿಗಳೂ ಒಂದೇ ಕಡೆ ಬಿದ್ದರೆ ದೋಷ ಹಳಿಯದು, ಒಂದೇ ಡಬ್ಬಿ ಎಲ್ಲ ಕಡೆ ಬಿದ್ದರೆ ಗಾಲಿಯದು ಎಂದು ಹುಡುಗನೇ ಹೇಳಿದನು. ಜೋಡುಗಾಲಿಗಳ ಒಳಮೈಗಳ ನಡುವೆ ಸುಮಾರು ಹದಿನಾಲ್ಕೂವರೆ ಮಿಲಿಮೀಟರು ಇರಬೇಕಾದಲ್ಲಿ ಒಂದು ಗಾಲಿ ಅಚ್ಚಿನ ಮೇಲೆ ಒಳಸರಿದಿತ್ತು, ತಿರುಚಿ ಹೊರಗೆಳೆದೆವು.

ಕೋಳಿ ಕೂಗುವ ಹೊತ್ತಿಗೆ ಗಾಡಿ ನಿಲ್ಲದೆ ಓಡುತ್ತಿತ್ತು. ಅಜ್ಜನವರು ಕಣ್ಣು ಮುಚ್ಚಿ ಅದರ ಸಪ್ಪಳವನ್ನು ಆಲಿಸುತ್ತಿದ್ದರು. ಹುಡುಗನು ಹಳಿಗಳನ್ನು ಬಿಚ್ಚಿ ಪೆಟ್ಟಿಗೆಯಲ್ಲಿಟ್ಟನು. ಪಂಚಾಂಗದ ಹಾಳೆಯನ್ನು ಮಾತ್ರ ಅಲ್ಲಿಂದ ಯಾರೂ ತೆಗೆಯಕೂಡದೆಂದೂ, ಸಂಕ್ರಾಂತಿಗೆ ಬಂದು ಮತ್ತೆ ಹಾಸುವೆನೆಂದೂ ಅಜ್ಜನಿಗೆ ತಾಕೀತು ಮಾಡಿ ಬಸ್ಸು ಹತ್ತಿದನು.